ಸಡ್ಡೆ ಇಲ್ಲದ ಕೂರಿಗೆ

ನನ್ನ ಸಹಿ ಇರುವ ಒಂದು ರಸೀದಿ ಮನೆಯ ಬೀರುವಿನಲ್ಲಿದೆ. ‘ಹಳೇ ಕಬ್ಬಿಣ 64 ಕೆ.ಜಿ., ಹಿತ್ತಾಳೆ 3 ಕೆ.ಜಿ., ಮುರುಕು ಮರ ಒಂದು ಆಟೋ’ ಎಂದು ಗುಜರಿ ಅಂಗಡಿಯವನು ಬರೆದಿದ್ದಾನೆ. 2013ರ ಜೂನ್ ತಿಂಗಳ ತಾರೀಕು. ಕೆಳಗೆ ನನ್ನ ಹೆಸರು, ಸಹಿ. ಆ ಕಬ್ಬಿಣ, ಹಿತ್ತಾಳೆ, ಮರ ಯಾವುದೂ ನನ್ನದಾಗಿರಲಿಲ್ಲ, ನಾನು ಪಾಠ ಮಾಡುತ್ತಿದ್ದ ಶಾಲೆಯದೂ ಆಗಿರಲಿಲ್ಲ. ದೇವರಾಯನದುರ್ಗದ ತಪ್ಪಲಿನ ಆರೇಳು ಹಳ್ಳಿಯ ಜನ ‘ಮೇಷ್ಟ್ರು ಕೇಳಿದ್ದಾರೆ’ ಎಂದು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಮಕ್ಕಳ ಕೈಲಿ ಕೊಟ್ಟು ಕಳಿಸಿದ ಸಾಮಾನು ಅದು. ಅದನ್ನು ತೂಕಕ್ಕೆ ಹಾಕಿ ಮಾರಿದವನು ನಾನು. ಯಾರಿಗೂ ತಿಳಿಯದ ಹಾಗೆ ಮಾರಿದೆ ಎಂದುಕೊಂಡಿದ್ದೆ. ಅದೂ ನಿಜವಲ್ಲ ಎಂದು ಆಮೇಲೆ ಗೊತ್ತಾಯಿತು.

ತುಮಕೂರಿನಿಂದ ದುರ್ಗಕ್ಕೆ ಹದಿನೈದು ಕಿಲೋಮೀಟರ್. ಆ ದಾರಿಯ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದೆ. 2006ರ ಡಿಸೆಂಬರಿನಲ್ಲಿ ಮಕ್ಕಳನ್ನು ರಾಮನಗರದ ಜಾನಪದ ಲೋಕಕ್ಕೆ ಪ್ರವಾಸ ಕರೆದುಕೊಂಡು ಹೋದೆವು. ಎಚ್.ಎಲ್. ನಾಗೇಗೌಡರು ಕಟ್ಟಿ, 1994ರಲ್ಲಿ ಜನರಿಗೆ ಬಿಟ್ಟುಕೊಟ್ಟ ಜಾಗ. ಅಲ್ಲಿನ ಲೋಕಮಹಲಿನಲ್ಲಿ ಬೀಸುವ ಕಲ್ಲು, ಒನಕೆ, ಕೊಳಗ, ಸೇರು, ಪಾವು ಸಾಲಾಗಿ ಇಟ್ಟಿದ್ದನ್ನು ನೋಡುತ್ತ ನಮ್ಮ ಮಕ್ಕಳು ‘ಸಾರ್, ಇದು ನಮ್ಮನೇಲೂ ಐತೆ, ಇದು ನಮ್ಮಜ್ಜಿ ಹತ್ರ ಐತೆ’ ಎಂದು ಕೂಗತೊಡಗಿದರು. ಬಸ್ಸಿನಲ್ಲಿ ವಾಪಸ್ ಬರುವಾಗಲೇ ನಿರ್ಧಾರ ಮಾಡಿಬಿಟ್ಟೆ. ನಮ್ಮ ಶಾಲೆಯಲ್ಲೂ ಒಂದು ‘ದುಡಿಮೆಯ ಕೋಣೆ’ ಮಾಡಬೇಕು.

ನಾಗೇಗೌಡರು ವಸ್ತುಗಳನ್ನಷ್ಟೇ ತಂದು ಇಟ್ಟವರಲ್ಲ. ಊರೂರಿನ ಹಾಡು, ಕಥೆ, ಮಾತುಗಳನ್ನು ಧ್ವನಿಮುದ್ರಣ ಮಾಡಿಸಿದವರು, ಬರೆಸಿದವರು. ಇದು ನನಗೆ ಗೊತ್ತಿತ್ತು, ಮಕ್ಕಳಿಗೆ ಹೇಳಿಯೂ ಇದ್ದೆ. ಆದರೆ ನಾನು ಮಾಡಲು ಹೊರಟಾಗ ಕಣ್ಣಿಗೆ ಕಂಡ ವಸ್ತುಗಳನ್ನಷ್ಟೇ ಹಿಡಿದುಕೊಂಡೆ. ವಸ್ತು ತರುವುದು ಸುಲಭ. ಮಕ್ಕಳಿಗೆ ಹೇಳಿದರೆ ಬರುತ್ತದೆ. ಮಾತು ಬರಬೇಕಾದರೆ ನಾನೇ ಹೋಗಿ ಜಗಲಿಯ ಮೇಲೆ ಕೂರಬೇಕಿತ್ತು.

ಮೂರು ವಾರದಲ್ಲಿ 163 ಸಾಮಾನು ಬಂದವು. ಸೈಕಲ್ಲಿನ ಕ್ಯಾರಿಯರ್ ಮೇಲೆ, ತಲೆಯ ಮೇಲೆ, ಹಾಲಿನ ಗಾಡಿಯಲ್ಲಿ ಬಂದವು. ರಾಗಿ ಒಕ್ಕುವ ರೋಣಗಲ್ಲು ಎತ್ತಿನ ಗಾಡಿಯಲ್ಲಿ ಬಂತು, ಇಳಿಸಲು ಆರು ಜನ ಬೇಕಾಯಿತು. ಕಪಿಲೆಯ ಮಿಣಿ ಬಂತು. ಮುಟ್ಟಿದರೆ ಪುಡಿಯಾಗುವ ಹಾಗೆ ಒಣಗಿದ್ದ ಚರ್ಮದ ಹಗ್ಗ ಅದು. ಬಾವಿಗೆ ಪಂಪ್‌ಸೆಟ್ ಬರುವ ಮುಂಚೆ ಎತ್ತುಗಳು ಅದನ್ನೆಳೆದು ನೀರು ಮೇಲೆ ತರುತ್ತಿದ್ದವು. ಕುಲುಮೆಯ ತಿದಿ, ಆಚಾರಿಯ ಬಾಚಿ, ಉಳಿ, ತೋಪಡ, ಕುಂಬಾರರ ಮನೆಯ ಸಲಪ, ಕಂಬಳಿ ನೇಯುವ ಲಾಳಿ, ಉಣ್ಣೆ ನೂಲುವ ಕದಿರು, ಕಾಯಿ ಸುಲಿಯುವ ಕಬ್ಬಿಣ ಬಂದವು. ನಮ್ಮ ಬೀದಿಯಲ್ಲಿದ್ದ ಅಕ್ಕ ಒಬ್ಬರು ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿದ್ದರು. ಅವರು ಒಂದು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಎರಡು ವಸ್ತು ಕೊಟ್ಟರು. ಸೂಜಿಯ ಹಾಗೆ ಮೊನೆಯಿದ್ದ ಒಂದು ಚಿಮ್ಮಟ, ಕಣ್ಣಿಗೆ ಸಿಗಿಸಿಕೊಳ್ಳುವ ಒಂದು ಕಪ್ಪು ಐಗ್ಲಾಸ್.

2007ರ ಆಗಸ್ಟ್ 15ಕ್ಕೆ ಕೋಣೆ ತೆರೆಯಬೇಕು, ಅತಿಥಿಗಳು ಬರುತ್ತಾರೆ. ಹಿಂದಿನ ದಿನ ಸಂಜೆ ಡ್ರಾಯಿಂಗ್ ಶೀಟ್ ಕತ್ತರಿಸಿ, ಸ್ಕೆಚ್ ಪೆನ್ನಿನಲ್ಲಿ ನಾನೊಬ್ಬನೇ ಕೂತು 163 ಚೀಟಿ ಬರೆದೆ. ಒಂದು ಚೀಟಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ‘ಕೂರಿಗೆ – ಬಿತ್ತನೆಯ ಸಾಧನ.’ ‘ಮಿಣಿ – ಚರ್ಮದ ಹಗ್ಗ.’ ‘ಚಿಮ್ಮಟ – ಗಡಿಯಾರ ರಿಪೇರಿಗೆ ಬಳಸುವುದು.’ ಕೊಟ್ಟವರ ಹೆಸರು ಬರೆಯಲು ಚೀಟಿಯಲ್ಲಿ ಜಾಗವಿತ್ತು. ಆದರೆ ಯಾವುದನ್ನು ಯಾವ ಮಗು ತಂದಿತ್ತು ಎಂಬುದು ಅಷ್ಟು ಹೊತ್ತಿಗೆ ಕಲಸಿಹೋಗಿತ್ತು. ಆಮೇಲೆ ಒಂದು ರಿಜಿಸ್ಟರ್ ಮಾಡಿದರಾಯಿತು ಎಂದುಕೊಂಡೆ.

ಮಾರನೇ ದಿನ ಬೆಳಿಗ್ಗೆ ಬಾವುಟ ಹಾರಿಸುವುದಕ್ಕೂ ಮುಂಚೆ ಕೂರಿಗೆ ಕೊಟ್ಟ ಅಜ್ಜ ಬಂದರು. ಬಿಳಿ ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು, ದೇವಸ್ಥಾನಕ್ಕೆ ಬರುವ ಹಾಗೆ ಬಂದಿದ್ದರು. ಕೂರಿಗೆಯ ಮುಂದೆ ನಿಂತು, ಅದರ ಬಟ್ಟಲನ್ನು ಒಮ್ಮೆ ಸವರಿ, ಚೀಟಿಯನ್ನು ಮೊಮ್ಮಗನ ಕೈಲಿ ಓದಿಸಿಕೊಂಡರು.

‘ಮೇಷ್ಟ್ರೇ, ಇದಕ್ಕೆ ಸಡ್ಡೆ ಎಲ್ಲಿ?’

‘ಇಷ್ಟೇ ತಂದುಕೊಟ್ಟಿದ್ದು ಅಜ್ಜ.’

‘ಸಡ್ಡೆ ಇಲ್ದೆ ಕೂರಿಗೆ ಅರ್ಧ ಅಲ್ವಾ? ರಾಗಿ ನಾನು ಬಿಡ್ತಿದ್ದೆ. ಹಿಂದೆ ಸಡ್ಡೇಲಿ ಅವರೆ, ತೊಗರಿ ಬಿಡ್ತಿದ್ದೋಳು ನಮ್ಮನೆಯವಳು. ನಲವತ್ತು ವರ್ಷ ನನ್ನ ಹಿಂದೆ ಪದ ಹೇಳ್ಕೊಂಡು ನಡೆದವಳೆ. ಅವಳ ಹೆಸರೂ ಬರೀರಿ.’

ಆ ಹೆಸರನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಆ ಕಾಲದವರು ಹೆಂಡತಿಯ ಹೆಸರನ್ನು ಹಾಗೆ ಹೇಳುತ್ತಿರಲಿಲ್ಲ. ನಾನು ಕೇಳಬೇಕೆಂದು ಕಾಯುತ್ತ ನಿಂತಿದ್ದರು. ಹೊರಗೆ ಜೀಪಿನ ಸದ್ದಾಯಿತು. ‘ಆಮೇಲೆ ಬರೆಯೋಣ ಅಜ್ಜ, ಅತಿಥಿಗಳು ಬಂದರು’ ಎಂದು ಹೇಳಿ ಓಡಿದೆ. ಆ ದಿನ ತೆಗೆದ ಫೋಟೋ ಒಂದಿದೆ. ಮುಂದೆ ಹಾರ ಹಾಕಿಕೊಂಡ ಅತಿಥಿಗಳು, ಪಕ್ಕದಲ್ಲಿ ನಾನು. ಅವರ ಹೆಗಲ ಹಿಂದೆ ಕೂರಿಗೆಯ ಎರಡು ಬಿದಿರು ಕೊಳವೆ ಮಾತ್ರ ಕಾಣುತ್ತವೆ. ಅಜ್ಜ ಫೋಟೋದಲ್ಲಿ ಇಲ್ಲ.

ರಾಗಿಯ ಸೀಮೆಯವರಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೂರಿಗೆಯನ್ನು ಎತ್ತು ಎಳೆಯುತ್ತದೆ. ನೆಲ ಸೀಳುವ ತಾಳುಗಳ ಹಿಂದೆ ಬಿದಿರಿನ ಕೊಳವೆಗಳಿರುತ್ತವೆ. ಅವೆಲ್ಲ ಮೇಲೆ ಒಂದು ಮರದ ಬಟ್ಟಲಿಗೆ ಸೇರುತ್ತವೆ. ಬಟ್ಟಲಿಗೆ ರಾಗಿ ಬಿಡುವವನ ಕೈ ಒಂದೇ ಸಮ ಆಡುತ್ತಿರಬೇಕು. ಮುಷ್ಟಿ ಸಡಿಲವಾದರೆ ಪೈರು ಗಿಜಿಗುಟ್ಟುತ್ತದೆ, ಬಿಗಿಯಾದರೆ ಸಾಲು ಬೋಳಾಗುತ್ತದೆ. ಆ ಕೂರಿಗೆಗೆ ಹಗ್ಗದಲ್ಲಿ ಕಟ್ಟಿದ, ಬೇರೆಯೇ ಆದ ಒಂದು ಬಿದಿರ ಕೊಳವೆ ಹಿಂದೆ ಬರುತ್ತದೆ. ಅದೇ ಸಡ್ಡೆ. ಅದನ್ನು ಒಂದು ಕೈಲಿ ಹಿಡಿದು, ಇನ್ನೊಂದು ಕೈಲಿ ಅವರೆಯನ್ನೋ ತೊಗರಿಯನ್ನೋ ಒಂದೊಂದೇ ಕಾಳು ಬಿಡುತ್ತ ಹೆಂಗಸು ನಡೆಯುತ್ತಾಳೆ. ರಾಗಿಯ ಹೊಲದ ನಡುವೆ ಅಕ್ಕಡಿ ಸಾಲು ಬರುವುದು ಹಾಗೆ. ರಾಗಿ ಮುದ್ದೆಗಾದರೆ ಅಕ್ಕಡಿ ಸಾರಿಗೆ. ಮಳೆ ಕೈಕೊಟ್ಟು ರಾಗಿ ಹೋದ ವರ್ಷವೂ ಅಕ್ಕಡಿಯಲ್ಲಿ ಒಂದಿಷ್ಟು ಕಾಳು ಸಿಗುತ್ತಿತ್ತು. ಮನೆಯನ್ನು ಬರದಿಂದ ಕಾಯುತ್ತಿದ್ದ ಸಾಲು ಆ ಹೆಂಗಸಿನ ಕೈಯಿಂದ ಬೀಳುತ್ತಿತ್ತು. ನನ್ನ ಚೀಟಿಯಲ್ಲಿ ಆಕೆ ಇರಲಿಲ್ಲ, ಆಕೆಯ ಉಪಕರಣವೂ ಇರಲಿಲ್ಲ. ‘ಬಿತ್ತನೆಯ ಸಾಧನ’ ಎಂಬ ಎರಡು ಪದ ಬರೆದು ನಾನು ಸಮಾಧಾನಪಟ್ಟುಕೊಂಡಿದ್ದೆ.

ಅಜ್ಜ 2009ರಲ್ಲಿ ತೀರಿಕೊಂಡರು, ಅಜ್ಜಿ ಮತ್ತೆರಡು ವರ್ಷಕ್ಕೆ. ಇಬ್ಬರ ತಿಥಿಗೂ ಹೋಗಿ ಊಟ ಮಾಡಿ ಬಂದೆ. ಹೆಸರು ಬರೆಯಲಿಲ್ಲ.

ಕೋಣೆಯ ಕಥೆಯನ್ನು ಉದ್ದ ಮಾಡುವುದಿಲ್ಲ. ಹೆಂಚು ಒಡೆದು ಸೋರಿತು. ಗೆದ್ದಲು ಮೊದಲು ಕೂರಿಗೆಯ ಬಟ್ಟಲನ್ನು ಹಿಡಿಯಿತು, ಆಮೇಲೆ ಲಾಳಿಯನ್ನು. ಮಿಣಿಯನ್ನು ಇಲಿ ಕಡಿದವು. ಮೊದಲ ವರ್ಷ ವಾರಕ್ಕೊಮ್ಮೆ ಬೀಗ ತೆಗೆಯುತ್ತಿದ್ದೆ, ಮೂರನೇ ವರ್ಷ ಬೀಗದ ಕೈ ಎಲ್ಲಿದೆಯೆಂದು ಹುಡುಕುವಂತಾಯಿತು. 2013ರಲ್ಲಿ ತರಗತಿಗೆ ಕೋಣೆ ಬೇಕಾಯಿತು, ತೆರವು ಮಾಡಿಕೊಡಿ ಎಂದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಮಕ್ಕಳು ಮರದ ಕೆಳಗೆ ಕೂರುತ್ತಿದ್ದರು. ಉಳಿದ ಸಾಮಾನನ್ನು ಕೊಟ್ಟವರ ಮನೆಗೇ ತಲುಪಿಸಬಹುದಿತ್ತು. ಆದರೆ ಯಾರ ಮನೆಗೆ ಯಾವುದು? ಮಾಡುತ್ತೇನೆಂದುಕೊಂಡ ರಿಜಿಸ್ಟರ್ ಮಾಡಿರಲೇ ಇಲ್ಲ. ಚೀಟಿಗಳು ಮಳೆಗೆ ಕರಗಿಹೋಗಿದ್ದವು. ಊರೂರಿಗೆ ಹೋಗಿ ‘ನಿಮ್ಮದು ಯಾವುದು, ಗುರುತಿಸಿ’ ಎಂದು ಕೇಳಲು ನಾಚಿಕೆಯಾಯಿತು. ಕೇಳಿದ್ದರೆ ನಾನು ಏನನ್ನೂ ಬರೆದಿಟ್ಟಿಲ್ಲವೆಂಬುದು ಎಲ್ಲರಿಗೂ ಗೊತ್ತಾಗುತ್ತಿತ್ತು. ಆ ನಾಚಿಕೆಯನ್ನು ತಪ್ಪಿಸಿಕೊಳ್ಳಲು ಒಂದು ಶನಿವಾರ ಮಧ್ಯಾಹ್ನ, ಮಕ್ಕಳು ಹೋದ ಮೇಲೆ, ಗುಜರಿಯವನನ್ನು ಕರೆಸಿದೆ. ರೋಣಗಲ್ಲು ಮಾತ್ರ ಆತನಿಗೆ ಬೇಡವಾಯಿತು. ಅದು ಇಂದಿಗೂ ಶಾಲೆಯ ಗೇಟಿನ ಪಕ್ಕ ಬಿದ್ದಿದೆ, ಮಕ್ಕಳು ಅದರ ಮೇಲೆ ಕೂರುತ್ತಾರೆ.

ನಾಲ್ಕು ವರ್ಷದ ನಂತರ ಆ ಅಜ್ಜನ ಮೊಮ್ಮಗ, ಅಂದು ಚೀಟಿ ಓದಿದ ಹುಡುಗ, ಮನೆಗೆ ಬಂದ. ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೆಲಸ ಮಾಡಿ, ವಾಪಸ್ ಬಂದು ಒಂದೂವರೆ ಎಕರೆಯಲ್ಲಿ ರಾಗಿ ಬೆಳೆಯಲು ಹೊರಟಿದ್ದ. ಟ್ರ್ಯಾಕ್ಟರಿನಲ್ಲಿ ಬಿತ್ತಿದರೆ ಅಜ್ಜಿ ಬಿಡುತ್ತಿದ್ದ ಹಾಗೆ ಅಕ್ಕಡಿ ಬರುವುದಿಲ್ಲ ಎಂದು ಅವನ ಚಿಂತೆ. ‘ಸಾರ್, ನಮ್ಮಜ್ಜನ ಕೂರಿಗೆ ಒಂದು ಸಲ ಕೊಡ್ತೀರಾ? ಅಳತೆ ತಗೊಂಡು ಆಚಾರಿ ಹತ್ರ ಹೊಸದು ಮಾಡಿಸಿ ವಾಪಸ್ ಕೊಡ್ತೀನಿ’ ಎಂದ. ಬೀರು ತೆಗೆದು ಆ ಫೋಟೋ ಕೊಟ್ಟೆ. ಅವನು ಬಹಳ ಹೊತ್ತು ನೋಡಿ, ‘ಎರಡು ಕೊಳವೆ ಕಾಣ್ತವೆ ಸಾರ್, ಅಷ್ಟೆ’ ಎಂದ. ರಸೀದಿಯನ್ನೂ ತೋರಿಸಬೇಕಿತ್ತು. ತೋರಿಸಲಿಲ್ಲ. ‘ಗೆದ್ದಲು ತಿಂದುಬಿಡ್ತು ಕಣಪ್ಪ’ ಎಂದೆ. ಅದು ಅರ್ಧ ನಿಜ. ಹೇಳದೆ ಉಳಿಸಿಕೊಂಡ ಅರ್ಧವೇ ನನ್ನ ಪಾಲಿನ ತಪ್ಪಾಗಿತ್ತು.

ಅದಾದ ಮೇಲೆ ತುಮಕೂರಿನ ಗ್ರಂಥಾಲಯದಲ್ಲಿ ಫ್ರಾನ್ಸಿಸ್ ಬುಕಾನನ್ ಬರೆದ ಪ್ರವಾಸದ ಸಂಪುಟ ಸಿಕ್ಕಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಕಂಪನಿ ಸರ್ಕಾರ ಕಳಿಸಿದ ಸ್ಕಾಟ್ಲೆಂಡಿನ ವೈದ್ಯ ಅವನು. ಶಿರಾ, ಮಧುಗಿರಿ, ತುಮಕೂರು, ಗುಬ್ಬಿ ಎಲ್ಲ ಸುತ್ತಿದವನು. ಗೆದ್ದ ದೇಶದಲ್ಲಿ ಏನು ಬೆಳೆಯುತ್ತದೆ, ಎಷ್ಟು ಹುಟ್ಟುತ್ತದೆ ಎಂದು ಲೆಕ್ಕ ಹಾಕಲು ಬಂದಿದ್ದ. ಅವನ ಉದ್ದೇಶ ನನಗೆ ಹಿಡಿಸುವುದಿಲ್ಲ. ಆದರೆ 1807ರಲ್ಲಿ ಅಚ್ಚಾದ ಆ ಪುಸ್ತಕದಲ್ಲಿ ಕೂರಿಗೆ ಇದೆ, ಅದರ ಹಿಂದೆ ಕಟ್ಟುವ ಸಡ್ಡೆಯೂ ಇದೆ. ಜನರ ಬಾಯಲ್ಲಿ ಕೇಳಿದ ಹೆಸರನ್ನು ತನ್ನ ಲಿಪಿಯಲ್ಲಿ ತಡವರಿಸಿಕೊಂಡು ಬರೆದಿದ್ದಾನೆ. ಭಾಷೆ ಬಾರದ ಪರದೇಶಿ ದುಭಾಷಿಯನ್ನು ಇಟ್ಟುಕೊಂಡು ಹೊಲದ ಬದುವಿನಲ್ಲಿ ನಿಂತು ಕೇಳಿದ ಮಾತನ್ನು ಇದೇ ಮಣ್ಣಿನಲ್ಲಿ ಹುಟ್ಟಿ, ಅವರೆಕಾಳಿನ ಸಾರು ಉಂಡು ಬೆಳೆದ ನಾನು ಕೇಳಿರಲಿಲ್ಲ. ಆ ಪುಟ ಓದಿದ ದಿನ ಮನೆಗೆ ಬಂದು ಊಟ ಮಾಡಲಾಗಲಿಲ್ಲ.

ಇಷ್ಟಾದರೂ ನನಗೆ ಪೂರ್ತಿ ಅರ್ಥವಾದದ್ದು 2022ರಲ್ಲಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ.

ನಮ್ಮ ಬೀದಿಯ ಅಕ್ಕನಿಗೆ ಎಚ್‌ಎಂಟಿ ಮ್ಯೂಸಿಯಂ ನೋಡುವ ಆಸೆ. ಅವರ ಮಗ ಹೊರದೇಶದಲ್ಲಿದ್ದಾನೆ. ‘ಮೇಷ್ಟ್ರೇ, ನೀವು ಬಂದ್ರೆ ಹೋಗಿಬರೋಣ’ ಎಂದರು. ಮನೆಯವಳೂ ಸೇರಿ ಮೂವರು ತುಮಕೂರಿನಲ್ಲಿ ಬಸ್ಸು ಹತ್ತಿ, ಜಾಲಹಳ್ಳಿ ಕ್ರಾಸಿನಲ್ಲಿ ಇಳಿದು, ಆಟೋ ಹಿಡಿದೆವು. ಯಂತ್ರ ತಯಾರಿಸುವ ಯಂತ್ರಗಳಿಗಾಗಿ 1953ರಲ್ಲಿ ಹುಟ್ಟಿದ ಕಾರ್ಖಾನೆ ಎಚ್‌ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ಮಾಡತೊಡಗಿತು. ತುಮಕೂರಿನ ಕಾರ್ಖಾನೆ ಬಂದದ್ದು 1978ರಲ್ಲಿ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಮೊದಲ ಸಲ ತಿಂಗಳ ಸಂಬಳ ಕಂಡದ್ದು ಅಲ್ಲಿ. 2016ರ ಜನವರಿಯಲ್ಲಿ ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಆ ಜಾಗ ಈಗ ಇಸ್ರೋದ್ದು. ಜಾಲಹಳ್ಳಿಯ ಹಳೇ ಬಂಗಲೆಯೊಂದರಲ್ಲಿ 2019ರಲ್ಲಿ ಈ ಮ್ಯೂಸಿಯಂ ತೆರೆದರು. ಟ್ರ್ಯಾಕ್ಟರ್, ಯಂತ್ರಗಳು, ಸಾಲುಸಾಲು ಗಡಿಯಾರ. ಅಚ್ಚುಕಟ್ಟಾಗಿ ಇಟ್ಟಿದ್ದಾರೆ. ‘ಜನತಾ’ ಕಂಡಾಗ ನನ್ನ ಕೈ ತಾನಾಗಿ ಎಡ ಮಣಿಕಟ್ಟಿಗೆ ಹೋಯಿತು. ಟಿಸಿಎಚ್ ಪಾಸಾದಾಗ ಅಪ್ಪ ಕೊಡಿಸಿದ್ದು ಅದೇ.

ಅಕ್ಕ ಗಡಿಯಾರಗಳ ಮುಂದೆ ಹೆಚ್ಚು ನಿಲ್ಲಲಿಲ್ಲ. ಗಡಿಯಾರದ ಒಳಗಿನ ಭಾಗಗಳನ್ನು ತೋರಿಸಿದ್ದ ಕಡೆ ಹೋಗಿ ನಿಂತರು. ನಿಂತವರು ಕದಲಲಿಲ್ಲ. ನೋಡುತ್ತೇನೆ, ಬಲಗೈಯ ಹೆಬ್ಬೆರಳು ತೋರುಬೆರಳು ಗಾಳಿಯಲ್ಲಿ ಏನನ್ನೋ ಹಿಡಿದ ಹಾಗೆ ಕೂಡಿಕೊಂಡಿವೆ. ಬಲಗಣ್ಣು ಕಿರಿದಾಗಿದೆ.

‘ಇದು ಬ್ಯಾಲೆನ್ಸ್ ವೀಲ್’ ಎಂದರು. ‘ಇದರ ಮೇಲೆ ಸುರುಳಿ ಐತಲ್ಲ, ಅದು ಹೇರ್‌ಸ್ಪ್ರಿಂಗ್. ಕೂದಲಿಗಿಂತ ಸಣ್ಣ. ಚಿಮ್ಮಟ ಒಂಚೂರು ತಗುಲಿದ್ರೆ ಸುರುಳಿ ಸೊಟ್ಟ, ಮುಗೀತು. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಮೇಷ್ಟ್ರೇ. ನಂದು ಇದನ್ನ ಕೂರಿಸೋದು. ಉಸಿರು ಬಿಡೋ ಹಾಗಿಲ್ಲ, ಬಿಟ್ರೆ ಹಾರಿಹೋಗುತ್ತೆ. ಈಗಲೂ ಅಕ್ಕೀಲಿ ಕಲ್ಲು ಆರಿಸೋವಾಗ ಉಸಿರು ಹಿಡೀತೀನಿ, ಸೊಸೆ ನಗ್ತಾಳೆ.’

ಜನತಾದಂಥ ಕೀ ಕೊಡುವ ಗಡಿಯಾರದಲ್ಲಿ ಹದಿನೇಳು ಕೆಂಪು ಕಲ್ಲು ಇರುತ್ತವೆ. ಆ ಚಕ್ರ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಆ ಕಡೆ ಈ ಕಡೆ ತೂಗುತ್ತದೆ. ಇದನ್ನು ನಾನು ಆಮೇಲೆ ಓದಿ ತಿಳಿದೆ. ಅಕ್ಕ ಹೇಳಿದ್ದು ಓದಿ ತಿಳಿಯುವಂಥದ್ದಲ್ಲ. ‘ಬೆಳಿಗ್ಗೆ ಮುಡಿದ ಹೂವೆಲ್ಲ ಟೋಪಿ ಒಳಗೆ. ಸಾಯಂಕಾಲ ಟೋಪಿ ತೆಗೆದ್ರೆ ಹೂವು ಚಪ್ಪಟೆ, ಹಾಲ್ ತುಂಬ ಮಲ್ಲಿಗೆ ವಾಸನೆ. ಬ್ಯಾಲೆನ್ಸ್ ಕೂರಿಸಿ ಕೈ ತೆಗೆದ ತಕ್ಷಣ ಒಂದು ಸಲ ಅಲ್ಲಾಡುತ್ತೆ, ಆಮೇಲೆ ತಾನೇ ಓಡುತ್ತೆ. ಅಲ್ಲೀವರೆಗೂ ಅದು ಬರೀ ತಗಡು. ದಿನಾ ಅಷ್ಟು ಸಲ ನೋಡಿದ್ರೂ ಪ್ರತಿ ಸಲ ಹೊಸದು ಅನ್ನಿಸೋದು.’

ಸ್ವಲ್ಪ ಸುಮ್ಮನಿದ್ದು, ನನ್ನ ಕಡೆ ತಿರುಗದೆ ಹೇಳಿದರು: ‘ನಿಮ್ಮ ಚೀಟೀಲಿ ರಿಪೇರಿ ಚಿಮ್ಮಟ ಅಂತ ಬರೆದಿದ್ರಿ. ಕೆಟ್ಟ ವಾಚು ನಾನು ಮುಟ್ಟೇ ಇಲ್ಲ ಮೇಷ್ಟ್ರೇ. ಹುಟ್ಟೋ ವಾಚು ಮುಟ್ಟಿದೋಳು ನಾನು.’

ಹದಿನೈದು ವರ್ಷ ಆ ಮಾತನ್ನು ಇಟ್ಟುಕೊಂಡಿದ್ದರು. ಅಲ್ಲೇ, ಆ ಗಾಜಿನ ಮುಂದೆ ರಸೀದಿಯ ವಿಷಯ ಹೇಳಿದೆ. ಚಿಮ್ಮಟ, ಐಗ್ಲಾಸ್ ಎರಡೂ ಆ 64 ಕೆ.ಜಿ.ಯಲ್ಲಿ ಹೋದವು ಅಕ್ಕ, ನಾನೇ ತೂಗಿಸಿ ಕೊಟ್ಟೆ ಎಂದೆ.

‘ಗೊತ್ತು. ಅವತ್ತು ಸಾಯಂಕಾಲವೇ ಗೊತ್ತಾಯ್ತು, ಗುಜರಿ ಆಟೋ ನಮ್ಮ ಬೀದೀಲೇ ಹೋಯ್ತಲ್ಲ. ನೀವು ಬಂದು ಹೇಳ್ತೀರ ಅಂತ ಕಾಯ್ತಿದ್ದೆ.’

ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ‘ಟೀ ಕುಡಿಯೋಣ ನಡೀರಿ’ ಎಂದರು. ಒಂದೇ ಬೀದಿಯಲ್ಲಿದ್ದು, ಸಂಕ್ರಾಂತಿಗೆ ಎಳ್ಳು ಬೀರಿ, ಒಂಬತ್ತು ವರ್ಷ ದಿನವೂ ಮುಖ ನೋಡಿದ ಮನುಷ್ಯರು ನಾವು. ಇಡೀ ಬೀದಿಗೆ ಗೊತ್ತಿದ್ದ ಸಂಗತಿಯನ್ನು ನಾನೊಬ್ಬನೇ ಗುಟ್ಟೆಂದು ಕಾದುಕೊಂಡಿದ್ದೆ.

ಅಂದಿನಿಂದ ಅಕ್ಕನ ಜಗಲಿಯಲ್ಲಿ ಹನ್ನೊಂದು ಸಂಜೆ ಕೂತೆ. ಅಲ್ಲೂ ಮೊದಲು ಎಡವಿದೆ. ‘ನಿಮ್ಮ ಅನುಭವ ಹೇಳಿ ಅಕ್ಕ’ ಎಂದು ಫೋನ್ ಮುಂದಿಟ್ಟರೆ ಅವರು ಟಿವಿಯವರ ಮುಂದೆ ಮಾತಾಡುವ ಹಾಗೆ ‘ಎಲ್ಲ ಚೆನ್ನಾಗಿತ್ತು, ಎಲ್ಲರೂ ಒಂದೇ ಮನೆಯವರ ಹಾಗಿದ್ದೆವು’ ಎಂದಷ್ಟೇ ಹೇಳುತ್ತಿದ್ದರು. ನಾಲ್ಕನೇ ದಿನ ತುಮಕೂರಿನ ಗಡಿಯಾರ ರಿಪೇರಿ ಅಂಗಡಿಯಿಂದ ಒಂದು ಚಿಮ್ಮಟ, ಓಡದ ಒಂದು ಹಳೇ ವಾಚು ಕೊಂಡು ತಂದು ಅವರ ಕೈಗೆ ಕೊಟ್ಟೆ. ಚಿಮ್ಮಟ ಬೆರಳಿಗೆ ಸಿಕ್ಕಿದ್ದೇ ತಡ ಮಾತು ತಾನಾಗಿ ಬಂತು. ಯಾವ ಬೆರಳಿನ ಬುಡದಲ್ಲಿ ಗಂಟು ಕಟ್ಟುತ್ತಿತ್ತು, ಕತ್ತು ಯಾವ ಹೊತ್ತಿಗೆ ಹಿಡಿಯುತ್ತಿತ್ತು, ಪಕ್ಕದವಳ ಟ್ರೇ ತುಂಬಿ ತನ್ನದು ಖಾಲಿಯಾದಾಗ ಏನನ್ನಿಸುತ್ತಿತ್ತು, ಮೊದಲ ಸಂಬಳದಲ್ಲಿ ಅಮ್ಮನಿಗೆ ಏನು ತಂದರು, ಮನೆಯವರು ಕಾರ್ಖಾನೆಗೆ ಕಳಿಸಲು ಒಪ್ಪಿದ್ದು ಹೇಗೆ, ಕೊನೆಯ ದಿನ ಟೋಪಿಯನ್ನು ಯಾರ ಕೈಗೆ ಕೊಟ್ಟರು. ಕೈಗೆ ನೆನಪಿದ್ದುದನ್ನು ಬಾಯಿ ಹೇಳಿತು. ದುಡಿಮೆಯ ಮ್ಯೂಸಿಯಂ ಮಾಡುವವರಿಗೆ ನಾನು ಹೇಳಬಲ್ಲ ಕಸುಬಿನ ಗುಟ್ಟು ಇದೊಂದೇ. ಉಪಕರಣವನ್ನು ದುಡಿದವರ ಕೈಗೆ ಕೊಟ್ಟು, ಒಂದೊಂದು ಭಾಗವನ್ನೂ ಮುಟ್ಟಿ ಹೆಸರು ಕೇಳಬೇಕು. ಕೇಳಿದ ದಿನವೇ ಬರೆಯಬೇಕು. ಗಾಜಿನೊಳಗೆ ಇಡುವುದು ಅದಾದ ಮೇಲೆ.

ಸ್ವೀಡನ್ನಿನ ಲೇಖಕ ಸ್ವೆನ್ ಲಿಂಡ್‌ಕ್ವಿಸ್ಟ್ 1978ರಲ್ಲಿ, ತುಮಕೂರಿಗೆ ಎಚ್‌ಎಂಟಿ ಬಂದ ವರ್ಷವೇ, ಕಾರ್ಮಿಕರು ತಮ್ಮ ಕಾರ್ಖಾನೆಯ ಚರಿತ್ರೆಯನ್ನು ತಾವೇ ಬರೆಯಬೇಕೆಂದು ಒಂದು ಪುಸ್ತಕ ಬರೆದ. ನಿಂತಲ್ಲೇ ಅಗೆಯಿರಿ ಎಂಬುದು ಅದರ ಹೆಸರಿನ ಅರ್ಥ. ಅದೇ ದೇಶದ ನಾರ್‌ಶಾಪಿಂಗ್ ಊರಿನಲ್ಲಿ ಹಳೇ ಹತ್ತಿ ಗಿರಣಿಯೊಂದು 1991ರಲ್ಲಿ ದುಡಿಮೆಯ ಮ್ಯೂಸಿಯಂ ಆಯಿತು. ಅಲ್ಲಿ ಒಬ್ಬ ಗಿರಣಿ ಕೆಲಸದ ಹೆಣ್ಣುಮಗಳ ಬದುಕನ್ನೇ ಹೇಳುವ ಪ್ರದರ್ಶನವಿದೆ. ಯಂತ್ರದ್ದಲ್ಲ, ಆಕೆಯದು. ಇದನ್ನು ಓದಿದಾಗ ನನಗೆ ನೆನಪಾದದ್ದು ಕುಣಿಗಲ್ಲು. ಟಿಪ್ಪುವಿನ ಕಾಲದ್ದೆಂಬ ಹೆಸರು ಹೊತ್ತ ಅಲ್ಲಿನ ಕುದುರೆ ಫಾರಂ ನೋಡಲು ಹಿಂದೊಮ್ಮೆ ಮಕ್ಕಳನ್ನು ಕರೆದೊಯ್ದಿದ್ದೆ. ರೇಸಿನ ಕುದುರೆಗೆ ತಂದೆ, ತಾಯಿ, ತಾತ, ಮುತ್ತಾತನವರೆಗೆ ಹೆಸರು ಬರೆದಿಡುವುದು ಲೋಕದ ರೂಢಿ. ಅದೇ ಕುದುರೆಯ ಮೈ ಉಜ್ಜಿ, ಮರಿ ಹಾಕುವ ರಾತ್ರಿ ಲಾಯದಲ್ಲಿ ಮಲಗಿದವರ ಹೆಸರು ಹೇಳಿ ಎಂದರೆ ನನಗೆ ಒಂದೂ ಗೊತ್ತಿಲ್ಲ. ಅಂದು ಮಕ್ಕಳಿಗೆ ಕೇಳಿರೆಂದೂ ಹೇಳಲಿಲ್ಲ. ಗುಬ್ಬಿ ಕಂಪನಿಯ ಬಗ್ಗೆ ಪಾಠ ಮಾಡುವಾಗಲೂ 1884ರಲ್ಲಿ ಹುಟ್ಟಿದ್ದು, ವೀರಣ್ಣನವರು ಬೆಳೆಸಿದ್ದು ಎಂದು ಬರೆಸಿ ಮುಂದೆ ಹೋಗುತ್ತಿದ್ದೆ. ಪರದೆ ಎಳೆದವರು, ಗ್ಯಾಸ್‌ಲೈಟಿಗೆ ಗಾಳಿ ಹೊಡೆದವರು, ಊರಿಂದೂರಿಗೆ ಟ್ರಂಕು ಹೊತ್ತವರ ಮೊಮ್ಮಕ್ಕಳು ಅದೇ ತರಗತಿಯಲ್ಲಿ ಕೂತಿದ್ದರೋ ಏನೋ. ಈಗ ಅದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಅಲ್ಲಿಗೆ ಕೆಲಸಕ್ಕೆ ಹೋಗುವ ಹಳೇ ವಿದ್ಯಾರ್ಥಿಗಳು ಸಿಕ್ಕರೆ ಈಗಲೇ ಒಂದು ನೋಟ್‌ಬುಕ್ ಇಡಿ ಎನ್ನುತ್ತೇನೆ. ಅವರಿಗೆ ನನ್ನ ಮಾತು ವಿಚಿತ್ರವೆನಿಸುತ್ತದೆ, ಆದರೂ ಹೇಳುವುದನ್ನು ಬಿಟ್ಟಿಲ್ಲ.

ಕಳೆದ ಎರಡು ವರ್ಷದಿಂದ ನಾನು ದುರ್ಗದ ಸುತ್ತಿನ ಹಳ್ಳಿಗಳನ್ನು ಮತ್ತೆ ಸುತ್ತುತ್ತಿದ್ದೇನೆ. ಮೊದಲು ಮಾಡುವ ಕೆಲಸ, ಆ ರಸೀದಿಯನ್ನು ತೋರಿಸುವುದು. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದಾರೆ. ಒಬ್ಬ ಆಚಾರಿಯ ಮಗ, ಅಪ್ಪನ ಬಾಚಿಯನ್ನು ತೂಕಕ್ಕೆ ಹಾಕಿದಿರಾ ಎಂದು ಕಣ್ಣಲ್ಲಿ ನೀರು ತಂದುಕೊಂಡ. ಅವನ ಮನೆಗೆ ಮೂರನೇ ಸಲ ಹೋದಾಗ ಕೂರಲು ಚಾಪೆ ಹಾಕಿದ. ಅವರೆಲ್ಲರಿಂದ ನಾನೀಗ ಯಾವ ವಸ್ತುವನ್ನೂ ತರುವುದಿಲ್ಲ. ನೋಡಿ, ಅಳತೆ ತೆಗೆದು, ಚಿತ್ರ ಬರೆದು, ಹೆಸರು ಕೇಳಿ, ಅವರಿಗೇ ಓದಿ ಹೇಳಿ ಬರುತ್ತೇನೆ. ಜಯಮಂಗಲಿ ಹುಟ್ಟುವ ದಿಕ್ಕಿನ ಒಂದು ಹಳ್ಳಿಯಲ್ಲಿ, ಹೊಗೆ ಹಿಡಿದು ಕಪ್ಪಾದ ಅಟ್ಟದಲ್ಲಿ, ಕೊಬ್ಬರಿಗೆ ಇಟ್ಟ ಕಾಯಿಗಳ ಹಿಂದೆ, ಹೋದ ಮಾರ್ಗಶಿರದಲ್ಲಿ ಒಂದು ಸಡ್ಡೆ ಸಿಕ್ಕಿತು. ಎರಡೂವರೆ ಮೊಳದ ಬಿದಿರು, ತುದಿ ಕಲಮಿನ ಹಾಗೆ ಓರೆಯಾಗಿ ಕತ್ತರಿಸಿದ್ದು, ಮೇಲೆ ತೆಂಗಿನ ಚಿಪ್ಪಿನ ಬಟ್ಟಲು. ಹಿಡಿದು ಹಿಡಿದು ಒಂದು ಕಡೆ ನುಣುಪಾಗಿತ್ತು. ಆ ಮನೆಯ ಮುದುಕಮ್ಮ ಅದನ್ನು ಹಿಡಿದು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ತೋರಿಸಿದರು. ಕೂರಿಗೆ ಅಜ್ಜನ ಮೊಮ್ಮಗನನ್ನು ಕರೆದೊಯ್ದು ಅಳತೆ ತೆಗೆಸಿದೆ. ಅವನಿಗೆ ಅಂದು ಗುಜರಿಯ ವಿಷಯ ಪೂರ್ತಿ ಹೇಳಿದೆ. ಅವನು ಉತ್ತರ ಕೊಡಲಿಲ್ಲ, ಆದರೆ ವಾಪಸ್ ಬರುವಾಗ ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಮನೆಯವರೆಗೂ ಬಿಟ್ಟ. ಅಜ್ಜಿಯ ಹೆಸರು ಅವನಿಗೆ ಗೊತ್ತಿತ್ತು. ನೋಟ್‌ಬುಕ್ಕಿನಲ್ಲಿ ಕೂರಿಗೆಯ ಪುಟದ ಮೇಲೆ ಅವನ ಕೈಯಲ್ಲೇ ಬರೆಸಿದೆ.

ಪದ ಮಾತ್ರ ಸಿಕ್ಕಿಲ್ಲ. ಸಡ್ಡೆ ಬಿಡುತ್ತ ಆ ಅಜ್ಜಿ ಏನು ಹಾಡುತ್ತಿದ್ದರು ಎಂಬುದು ಮೊಮ್ಮಗನಿಗೆ ಗೊತ್ತಿಲ್ಲ, ಸಡ್ಡೆ ತೋರಿಸಿದ ಮುದುಕಮ್ಮನಿಗೂ ಎರಡು ಮಾತಿನಾಚೆ ನೆನಪಿಲ್ಲ. ತುಮಕೂರು, ಗುಬ್ಬಿ, ಕೊರಟಗೆರೆ, ಕುಣಿಗಲ್ ಕಡೆಯ ಯಾವ ಮನೆಯಲ್ಲಾದರೂ ಕೂರಿಗೆಯ ಹಿಂದೆ ನಡೆದ ತಾಯಂದಿರು ಇದ್ದರೆ, ದಯವಿಟ್ಟು ಈ ಸಂಜೆಯೇ ಅವರ ಪಕ್ಕ ಕೂತು ಆ ಪದ ಕೇಳಿ ಬರೆದುಕೊಳ್ಳಿ. ಜೊತೆಗೆ ಅವರ ಹೆಸರನ್ನೂ ಬರೆಯಿರಿ.